ಪದವಿಲ್ಲದ ಅಕ್ಷರ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆಯಲ್ಲಿ ಮಗುವೊಂದು ಅಕ್ಷರಮಾಲೆಯನ್ನು ಕಲಿಯುತ್ತಿದೆ ಎನ್ನೋಣ. 'ಕ' ಎಂದರೆ ಕಮಲ, ಒಂದು ಹೂವು. 'ಗ' ಎಂದರೆ ಗರಿ, ತೆಂಗಿನ ಎಲೆ. 'ಙ' ಎಂದರೆ? ಈ ಅಕ್ಷರದಿಂದ ಮೊದಲಾಗುವ ಬಳಕೆಯ ಪದ ಕನ್ನಡದಲ್ಲಿಲ್ಲ. ಹಾಗಾದರೆ ಇದು ನಿರುಪಯುಕ್ತವೇ?

'ತೆಂಗು' ಎಂಬ ಪದವನ್ನು ಮೆಲ್ಲನೆ ಉಚ್ಚರಿಸಿ, 'ಗು' ಬರುವ ಮುನ್ನ ತಡೆದು ನೋಡಿ. ತುಟಿಗಳು ತೆರೆದಿರುತ್ತವೆ, ನಾಲಗೆಯ ಹಿಂಭಾಗವು ಮೆದು ಅಂಗುಳನ್ನು ಮುಟ್ಟಿರುತ್ತದೆ, ಉಸಿರು ಮೂಗಿನಿಂದ ಹೊರಡುತ್ತದೆ. ಮೂಗನ್ನು ಹಿಡಿದರೆ ಧ್ವನಿಯು ನಿಲ್ಲುವುದು. ಇದೇ 'ಙ'. ಮುಂದೆ ಬರುವ ಗಕಾರಕ್ಕೆ ನಾಲಗೆ ಮೊದಲೇ ಅಣಿಯಾಗುವುದೇ ಇದಕ್ಕೆ ಕಾರಣ. ಅದೇ ಸೊನ್ನೆಯು 'ಹಂದನಕೆರೆ'ಯಲ್ಲಿ ದಕಾರದ ನೆರೆಯಿಂದ 'ನ್' ಆಗುತ್ತದೆ. 'ಕೊಂಬೆ'ಯಲ್ಲಿ ಬಕಾರದ ನೆರೆಯಿಂದ 'ಮ್' ಆಗುತ್ತದೆ. ಬರೆಹದ ಸೊನ್ನೆ ಒಂದೇ, ನುಡಿಯ ಧ್ವನಿಗಳು ಹಲವು.

ನೆರೆಯ ಮಲೆಯಾಳದಲ್ಲಿ ಇದೇ ಮರದ ಹೆಸರನ್ನು ಙಕಾರಕ್ಕೆ ಙಕಾರವನ್ನೇ ಒತ್ತಾಗಿ ಕೊಟ್ಟು ಬರೆಯುತ್ತಾರೆ.

ಆದುದರಿಂದ ಮಗುವಿಗೆ ಹೀಗೆ ಹೇಳಿಕೊಡಬಹುದು: ತೆಂಗು ಎಂದರೆ ಕಾಯಿ ಕೊಡುವ ಮರ, ಅಂಗಳ ಎಂದರೆ ಮನೆಯ ಮುಂದಣ ಬಯಲು, ಎರಡರ ನಡುವೆಯೂ 'ಙ' ಅಡಗಿದೆ.