ಆಪತ್ಕಾಲದ ನಿಸ್ತಂತು ವಾಣಿ

2024ನೆಯ ಇಸವಿಯ ಏಪ್ರಿಲ್ 3ರ ಸಂಜೆ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಹಸುಳೆಯೊಂದು ತೆರೆದ ಕೊಳವೆಬಾವಿಗೆ ಬಿದ್ದಿತು. ಪೊಲೀಸರು, ಅಗ್ನಿಶಾಮಕ ದಳದವರು, ಕಂದಾಯ ಅಧಿಕಾರಿಗಳು, ವೈದ್ಯರು ಧಾವಿಸಿದರು. ಬೆಳಗಾವಿ, ಕಲಬುರಗಿಗಳಿಂದ ರಾಜ್ಯದ ವಿಪತ್ತು ಪಡೆಗಳೂ ಹೈದರಾಬಾದಿನಿಂದ ರಾಷ್ಟ್ರೀಯ ಪಡೆಯೂ ಬಂದು ಕೂಡಿದವು. ಬಾವಿಯ ಮಗ್ಗುಲಲ್ಲಿ ಮತ್ತೊಂದು ಕುಳಿ ತೋಡಿ, ಅಲ್ಲಿಂದ ಅಡ್ಡಲಾಗಿ ಕೊರೆದು, ಸುಮಾರು 20 ಗಂಟೆಗಳ ತರುವಾಯ ಮಗುವನ್ನು ಜೀವಂತವಾಗಿ ಮೇಲೆತ್ತಲಾಯಿತು.

ಇಂಥ ಕಾರ್ಯದಲ್ಲಿ ಎಲ್ಲರೂ ಒಂದೇ ಹೊಲದಲ್ಲಿ ನಿಂತಿರುತ್ತಾರೆ, ಬಾಯಿಮಾತು ಮುಟ್ಟುತ್ತದೆ. ನದಿ ಉಕ್ಕಿದಾಗ ಹಾಗಲ್ಲ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ಸಿಗೂ ಮಿಕ್ಕಿ ನೀರು ಹೊರಬಿದ್ದಾಗ ಮುದ್ದೇಬಿಹಾಳದ ಕೃಷ್ಣಾತೀರದ ಊರುಗಳು ಎಚ್ಚರದಿಂದಿರಬೇಕಾಯಿತು. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದ ನೀರು ಭೀಮೆಯನ್ನು ತುಂಬಿ ಇಂಡಿ, ಸಿಂದಗಿ ಭಾಗದ ಹಳ್ಳಿಗಳಿಗೆ ನುಗ್ಗಿತು. ಆಗ ಅಣೆಕಟ್ಟಿನವನೊಬ್ಬ, ಪೊಲೀಸನೊಬ್ಬ, ದೋಣಿ ನಡೆಸುವವನೊಬ್ಬ ಹರದಾರಿಗಟ್ಟಲೆ ದೂರದಲ್ಲಿರುತ್ತಾರೆ. ವಿದ್ಯುತ್ತು ಹೋಗಿ ಮೊಬೈಲ್ ಗೋಪುರಗಳು ಮೂಕವಾಗಬಹುದು. ಇಲ್ಲವೆ ಎಲ್ಲರೂ ಏಕಕಾಲಕ್ಕೆ ಕರೆಮಾಡಿ ದಾರಿಯೇ ಕಟ್ಟಿಹೋಗಬಹುದು. ಉಳಿಯುವುದು ಕೈಯಲ್ಲಿನ ವಾಕಿಟಾಕಿ. ಒಂದು ದಳದ ವಾಕಿಟಾಕಿಯ ಮಾತು ಮತ್ತೊಂದು ದಳದ ವಾಕಿಟಾಕಿಗೆ ಕೇಳುವುದೇ ಎಂಬುದು ಪ್ರಶ್ನೆ. ಅನೇಕ ವೇಳೆ ಕೇಳುವುದಿಲ್ಲ.

ಕಾರಣವನ್ನು ತಿಳಿಯಲು ಹಳೆಯ ರೇಡಿಯೋವನ್ನು ನೆನೆದರೆ ಸಾಕು. ಧಾರವಾಡ ಆಕಾಶವಾಣಿಯನ್ನು 765 ಕಿಲೊಹರ್ಟ್ಸಿನಲ್ಲಿ ಕೇಳುತ್ತಿದ್ದವರು ಕಲಬುರಗಿಗೆ ಬರಬೇಕಾದರೆ ಮುಳ್ಳನ್ನು 1107ಕ್ಕೆ ಸರಿಸಬೇಕಾಗಿತ್ತು. ಗಾಳಿಯಲ್ಲಿ ಎರಡೂ ನಿಲಯಗಳ ಅಲೆಗಳಿದ್ದರೂ ಪೆಟ್ಟಿಗೆಗೆ ಕೇಳುತ್ತಿದ್ದುದು ತಾನು ಶ್ರುತಿಗೂಡಿದ ಅಲೆ ಮಾತ್ರವೇ. ಅಲೆಯೊಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆಂಬುದೇ ಅದರ ಆವರ್ತಾಂಕ. ಆಕಾಶವಾಣಿಯ ಆ ಎರಡು ಅಂಕಗಳು ಒಂದೇ ಶ್ರೇಣಿಯೊಳಗಿನವು. ಮುಳ್ಳು ತಿರುಗಿಸಿದರೆ ದೊರೆಯುತ್ತಿದ್ದವು. ರಕ್ಷಣಾ ದಳಗಳ ತೊಡಕು ಇದಕ್ಕಿಂತ ಗಹನವಾದುದು. ಅವರ ಶ್ರೇಣಿಗಳೇ ಬೇರೆಯಾಗಿರಬಹುದು.

150 ಮೆಗಾಹರ್ಟ್ಸಿನ ಅಲೆಯ ಉದ್ದ 2 ಮೀಟರು; ಅದರ ಕಾಲುಭಾಗದ ಆಂಟೆನಾ ಸುಮಾರು 50 ಸೆಂಟಿಮೀಟರು. 450 ಮೆಗಾಹರ್ಟ್ಸಿಗೆ ಅದೇ ಆಂಟೆನಾ 17 ಸೆಂಟಿಮೀಟರಿಗೆ ಇಳಿಯುತ್ತದೆ. ಒಂದಕ್ಕೆ ಹೊಂದಿಸಿ ಮಾಡಿದ ಉಪಕರಣ ಇನ್ನೊಂದಕ್ಕೆ ಹುಟ್ಟುಕಿವುಡು. ಎರಡೂ ಶ್ರೇಣಿಗಳಲ್ಲಿ ನಡೆಯುವ ಉಪಕರಣಗಳು ಇಲ್ಲದಿಲ್ಲ, ಬೆಲೆ ಮಾತ್ರ ಹೆಚ್ಚು. ಇನ್ನು ಆವರ್ತಾಂಕ ಒಂದೇ ಆದರೂ ಒಬ್ಬರದು ಹಳೆಯ ರೀತಿಯ ಧ್ವನಿ, ಮತ್ತೊಬ್ಬರದು ಅಂಕಿಗಳಾಗಿ ಮಾರ್ಪಟ್ಟ ಡಿಜಿಟಲ್ ಧ್ವನಿಯಾದರೆ ಆಗಲೂ ಅರ್ಥವಾಗದು: ಶ್ರುತಿ ಕೂಡಿಯೂ ಭಾಷೆ ಕೂಡಲಿಲ್ಲ!

ಈ ಭೇದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ಪೊಲೀಸರು, ರೈಲ್ವೆಯವರು, ಅರಣ್ಯದವರು, ಸೈನ್ಯದವರು ತಮ್ಮ ತಮ್ಮ ಕಾಲಕ್ಕೆ, ತಮ್ಮ ತಮ್ಮ ಅಗತ್ಯಕ್ಕೆ ನಿಸ್ತಂತು ಪಡೆದರು. ಒಬ್ಬರ ಮಾತು ಇನ್ನೊಬ್ಬರ ಮೇಲೆ ಬೀಳಬಾರದೆಂದು ಅಲೆಗಳನ್ನು ಹಂಚಿಕೊಡುವುದು ಸರಕಾರದ ಕರ್ತವ್ಯವೂ ಹೌದು. ಹೊಲಗಳಿಗೆ ಬದು ಹಾಕಿದ್ದು ತಪ್ಪಲ್ಲ. ಬದುವಿನಲ್ಲಿ ದಾಟುಗಂಡಿಯನ್ನು ಬಿಡದಿದ್ದುದು ತೊಂದರೆ.

ದಾಟುಗಂಡಿಯ ಕೆಲಸವನ್ನು ಮಾಡುವ ಸೇತುಯಂತ್ರ ಉಂಟು. ಅದರ ಮರ್ಮ ಸರಳವಾದುದು. ಒಂದು ದಳದ ಅಲೆಯನ್ನು ಆ ದಳದ್ದೇ ಪೆಟ್ಟಿಗೆಯಿಂದ ಹಿಡಿದು, ಅದನ್ನು ಬರಿಯ ಧ್ವನಿಯಾಗಿ ಬಿಡಿಸಿ, ಆ ಧ್ವನಿಯನ್ನು ಇನ್ನೊಂದು ದಳದ ಪೆಟ್ಟಿಗೆಗೆ ಊಡಿದರೆ, ಅದು ತನ್ನ ಅಲೆಯ ಮೇಲೆ ಪ್ರಸಾರ ಮಾಡುತ್ತದೆ. ಅಲೆಯನ್ನು ಅಲೆಗೆ ಜೋಡಿಸುವುದಲ್ಲ, ಮಾತಿನ ಮಟ್ಟದಲ್ಲಿ ಜೋಡಿಸುವುದು. ಭೀಮಾತೀರದಲ್ಲಿ ಕನ್ನಡ ಮರಾಠಿಗಳೆರಡನ್ನೂ ಬಲ್ಲವನು ಸಂತೆಯಲ್ಲಿ ಇಬ್ಬರು ವ್ಯಾಪಾರಿಗಳ ನಡುವೆ ನಿಂತು ಮಾಡುವುದೂ ಇದನ್ನೇ. ಯಂತ್ರವಿಲ್ಲದ ಕಡೆ ಮನುಷ್ಯನೇ ಸೇತುವೆಯಾಗಬಲ್ಲನು: ಒಂದೇ ಮೇಜಿನ ಮೇಲೆ ಎರಡು ಇಲಾಖೆಗಳ ಪೆಟ್ಟಿಗೆಗಳನ್ನಿಟ್ಟು, ಇದರಲ್ಲಿ ಕೇಳಿದುದನ್ನು ಅದರಲ್ಲಿ ನುಡಿಯುವ ಒಬ್ಬ ಜಾಗರೂಕ ನೌಕರನಿದ್ದರೆ ಸಾಕು. ಇದು ನಿಧಾನ, ಆದರೆ ಅಗ್ಗ.

ಹಾಗೆಂದು ಎಲ್ಲರನ್ನೂ ಸದಾಕಾಲ ಕೂಡಿಸಿಬಿಡುವುದೂ ಹಿತವಲ್ಲ. ವಾಕಿಟಾಕಿಯಲ್ಲಿ ಒಮ್ಮೆಗೆ ಒಬ್ಬನೇ ಮಾತನಾಡಬಲ್ಲನು. ಗುಂಡಿ ಒತ್ತಿದವನು ಇತರರ ಬಾಯಿ ಕಟ್ಟಿದಂತೆಯೇ. ನಾಲ್ಕು ದಳಗಳ ನೂರು ಜನ ಒಂದೇ ದಾರಿಗೆ ಬಂದರೆ ಮುಳುಗುತ್ತಿರುವವನ ಕೂಗು ಗದ್ದಲದಲ್ಲಿ ಅಡಗುತ್ತದೆ. ಆದುದರಿಂದ ದಳಪತಿಗಳು ಮಾತ್ರ ಕೂಡುವ ಒಂದು ಸಾಮಾನ್ಯ ದಾರಿಯಿರಬೇಕು. ಉಳಿದವರು ತಮ್ಮ ತಮ್ಮ ದಾರಿಯಲ್ಲೇ ಇರಬೇಕು.

ಇದರ ಬೆಲೆಯನ್ನು ಜಗತ್ತು ದಾರುಣವಾಗಿ ತೆತ್ತ ದಿನ 2001ರ ಸೆಪ್ಟೆಂಬರ್ 11. ನ್ಯೂಯಾರ್ಕಿನಲ್ಲಿ ಮೊದಲ ಗೋಪುರ 9 ಗಂಟೆ 59 ನಿಮಿಷಕ್ಕೆ ಕುಸಿಯಿತು. ಇನ್ನೊಂದೂ ಬೀಳಬಹುದೆಂದು ಮೇಲೆ ಹಾರುತ್ತಿದ್ದ ಪೊಲೀಸ್ ಹೆಲಿಕಾಪ್ಟರಿನವರು ಎಚ್ಚರಿಸಿದರು. ಆ ಎಚ್ಚರಿಕೆ ಪೊಲೀಸರ ಅಲೆಯಲ್ಲಿ ಹೋಯಿತು. ಒಳಗಿದ್ದ ಅಗ್ನಿಶಾಮಕರ ಅಲೆ ಬೇರೆಯಾಗಿತ್ತು. 10 ಗಂಟೆ 28 ನಿಮಿಷಕ್ಕೆ ಎರಡನೆಯದೂ ಕುಸಿಯಿತು. ಆ ದಿನ ಮಡಿದ ಅಗ್ನಿಶಾಮಕರು 343 ಮಂದಿ. ಪೊಲೀಸರ, ಅಗ್ನಿಶಾಮಕರ ಮುಖ್ಯಸ್ಥರು ಒಂದೆಡೆ ಕುಳಿತು ಕಾರ್ಯ ನಡೆಸಲಿಲ್ಲವೆಂಬುದನ್ನೂ 2004ರ ತನಿಖಾ ವರದಿ ಎತ್ತಿ ತೋರಿಸಿತು. ಹೆಲಿಕಾಪ್ಟರಿನ ಮಾತನ್ನು ಕೇಳಿದ ಪೊಲೀಸನೊಬ್ಬನ ಪಕ್ಕದಲ್ಲಿ ಅಗ್ನಿಶಾಮಕ ಅಧಿಕಾರಿಯೊಬ್ಬನು ನಿಂತಿದ್ದರೆ ಯಂತ್ರದ ಹಂಗೂ ಬೇಕಾಗುತ್ತಿರಲಿಲ್ಲ.

ನಮ್ಮ ಪ್ರಾಂತಕ್ಕೆ ಮತ್ತೊಂದು ಸೂಕ್ಷ್ಮವಿದೆ. ಹೈದರಾಬಾದಿನಿಂದ ಬಂದ ದಳಕ್ಕೆ "ಹಳ್ಳದ ಆಚೆ ದಂಡಿ, ಬನ್ನಿಗಿಡದ ಹತ್ರ" ಎಂದರೆ ಏನು ತಿಳಿಯಬೇಕು? ಮೊದಲೇ ಗೊತ್ತುಮಾಡಿದ ಹೆಸರುಗಳು, ನಕ್ಷೆಯ ಮೇಲಿನ ಅಂಕಗಳು, ಎಲ್ಲರೂ ಬಲ್ಲ ಹತ್ತಿಪ್ಪತ್ತು ಸರಳ ಪದಗಳು ಇಲ್ಲದಿದ್ದರೆ ಧ್ವನಿ ಸ್ಫುಟವಾಗಿ ಕೇಳಿಯೂ ಅರ್ಥ ಕೆಡುತ್ತದೆ. ಒಂದು ಇಲಾಖೆಯ ಸಂಕೇತಾಂಕಗಳು ಇನ್ನೊಂದಕ್ಕೆ ಒಗಟೇ. ಶಬ್ದಶಾಸ್ತ್ರವನ್ನು ಓದಿದವರಿಗೆ ಇದು ಹೊಸ ಸಂಗತಿಯಲ್ಲ.

ಇವೆಲ್ಲವನ್ನೂ ಮಳೆಗಾಲಕ್ಕೆ ಮುನ್ನವೇ ಪ್ರಯೋಗಿಸಿ ನೋಡಬೇಕು. ಕಪಾಟಿನಲ್ಲಿ ವರ್ಷವಿಡೀ ಮಲಗಿದ ಸೇತುಯಂತ್ರದ ಬ್ಯಾಟರಿ ಸತ್ತಿರುತ್ತದೆ. ಅದನ್ನು ಜೋಡಿಸಲು ಕಲಿತವನು ಬೇರೆ ಠಾಣೆಗೆ ವರ್ಗವಾಗಿರುತ್ತಾನೆ. ಮೇ ತಿಂಗಳ ಒಂದು ಮುಂಜಾನೆ ಭೀಮೆಯ ದಂಡೆಯಲ್ಲಿ ಒಬ್ಬನು, ತಾಲೂಕು ಕಚೇರಿಯಲ್ಲಿ ಒಬ್ಬನು, ಅಗ್ನಿಶಾಮಕ ಠಾಣೆಯಲ್ಲಿ ಒಬ್ಬನು ನಿಂತು ಪರಸ್ಪರ ಕರೆದು ನೋಡಿದರೆ, ಎಲ್ಲಿ ಮಾತು ಕಡಿಯುತ್ತದೆಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.