ನಿಮ್ಮ ಭಾಷೆಗೆ ಯಾವ ರನ್‌ಟೈಮ್?

ಕಂಪೈಲರ್ ಕೋರ್ಸ್ ತೆಗೆದುಕೊಂಡವರಿಗೆ ಪ್ರಾಜೆಕ್ಟ್ ಹೊತ್ತಿಗೆ ಒಂದು ಪ್ರಶ್ನೆ ಎದುರಾಗುತ್ತೆ. ನಾವು ಕಟ್ಟೋ ಪುಟ್ಟ ಪ್ರೋಗ್ರಾಮಿಂಗ್ ಭಾಷೆಗೆ ವರ್ಚುವಲ್ ಮೆಷಿನ್ ಕೂಡ ನಾವೇ ಬರೀಬೇಕಾ, ಇಲ್ಲಾ ಇರೋದನ್ನೇ ಬಳಸಬಹುದಾ?

ಬೈಟ್‌ಕೋಡ್ ಅಂದ್ರೆ ನಾವು ಬರೆಯುವ ಪ್ರೋಗ್ರಾಮ್‌ಗೂ ಪ್ರೊಸೆಸರ್‌ನ ಆದೇಶಗಳಿಗೂ ನಡುವಿನ ಒಂದು ಸರಳ ರೂಪ. ಅದನ್ನು ಓಡಿಸೋದು ರನ್‌ಟೈಮ್. ಜಾವಾಕ್ಕಾಗಿ ಹುಟ್ಟಿದ ಜೆವಿಎಂ ಮೇಲೆ ಇವತ್ತು ಸ್ಕಾಲಾ, ಕ್ಲೋಜರ್, ಕಾಟ್ಲಿನ್ ಕೂಡ ಓಡುತ್ತವೆ. ಗಾರ್ಬೇಜ್ ಕಲೆಕ್ಟರ್, ಜಿಟ್ ಕಂಪೈಲರ್, ಸಾವಿರಾರು ಲೈಬ್ರರಿಗಳು, ಎಲ್ಲವೂ ಸಿದ್ಧವಾಗಿ ಸಿಗುತ್ತವೆ. ಆದರೆ ಇದು ಬಾಡಿಗೆ ಮನೆ. ನೀರು, ಕರೆಂಟು ಇರುತ್ತೆ. ಗೋಡೆ ಒಡೆಯೋ ಹಾಗಿಲ್ಲ.

ಟೇಲ್ ಕಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಫಂಕ್ಷನ್ ತನ್ನ ಕೊನೆಯ ಕೆಲಸವಾಗಿ ಇನ್ನೊಂದನ್ನು ಕರೆದರೆ, ಹಳೆಯ ಸ್ಟ್ಯಾಕ್ ಫ್ರೇಮ್ ಉಳಿಸಿಕೊಳ್ಳುವ ಅಗತ್ಯ ಇಲ್ಲ. ಸ್ಕೀಮ್ ಭಾಷೆಯಲ್ಲಿ ಇದು ಕಡ್ಡಾಯ. ಜೆವಿಎಂನಲ್ಲಿ ಇದಕ್ಕೆ ಆದೇಶವೇ ಇಲ್ಲ. ಫಂಕ್ಷನ್ ತನ್ನನ್ನೇ ಕರೆದುಕೊಂಡರೆ ಸ್ಕಾಲಾ ಕಂಪೈಲರ್ ಅದನ್ನು ಲೂಪ್ ಮಾಡಬಲ್ಲದು. ಕ್ಲೋಜರ್‌ನಲ್ಲಿ 'ರಿಕರ್' ಅಂತ ನಾವೇ ಬರೀಬೇಕು. ಎರಡು ಫಂಕ್ಷನ್‌ಗಳು ಒಂದನ್ನೊಂದು ಕರೀತಾ ಹೋದರೆ? ಆಗ ಟ್ರಾಂಪೊಲೀನ್‌ನಂಥ ಸುತ್ತುದಾರಿ ಹಿಡೀಬೇಕು, ಅದರಿಂದ ವೇಗ ಕುಗ್ಗುತ್ತೆ. ಡಾಟ್‌ನೆಟ್‌ನ ಬೈಟ್‌ಕೋಡ್‌ನಲ್ಲಿ ಟೇಲ್ ಕಾಲ್‌ಗೆ ಜಾಗ ಇದೆ, ಎಫ್‌ಶಾರ್ಪ್ ಅದನ್ನು ಬಳಸಿಕೊಳ್ಳುತ್ತೆ.

ಎಲಿಕ್ಸಿರ್ ಬೇರೆ ದಾರಿ ಹಿಡಿಯಿತು. ಅದನ್ನು ರೂಪಿಸಿದ ಜೋಸೆ ವಾಲಿಂ ಆರಿಸಿಕೊಂಡದ್ದು ಎರ್ಲಾಂಗ್‌ನ ಬೀಮ್ ರನ್‌ಟೈಮ್. ಅಲ್ಲಿ ಲಕ್ಷಗಟ್ಟಲೆ ಹಗುರ ಪ್ರೋಸೆಸ್‌ಗಳು ಒಟ್ಟಿಗೆ ಓಡಬಹುದು. ಪ್ರತಿಯೊಂದಕ್ಕೂ ತನ್ನದೇ ಹೀಪ್. ಒಂದು ಸತ್ತರೆ ಉಳಿದವು ತಮ್ಮ ಪಾಡಿಗೆ ನಡೀತವೆ. ಭಾರೀ ಲೆಕ್ಕಾಚಾರಕ್ಕೆ ಮಾತ್ರ ಬೀಮ್ ಅಷ್ಟು ವೇಗ ಅಲ್ಲ.

ಮನೆ ಮಾಲೀಕರೂ ಒಮ್ಮೊಮ್ಮೆ ಬದಲಾಗ್ತಾರೆ. ರೂಬಿಯಂಥ ಡೈನಮಿಕ್ ಭಾಷೆಗಳಿಗೆ ಅನುಕೂಲ ಆಗಲಿ ಅಂತ ಜೆವಿಎಂಗೆ 2011ರ ಜಾವಾ 7ರಲ್ಲಿ 'ಇನ್ವೋಕ್‌ಡೈನಮಿಕ್' ಆದೇಶ ಬಂತು. ಆದರೆ ಜಾವಾ ಹೊರಬಂದದ್ದು 1995ರಲ್ಲಿ. ನಡುವೆ 16 ವರ್ಷ! ನಿಮ್ಮ ಸೆಮಿಸ್ಟರ್ ಅಷ್ಟು ದಿನ ಕಾಯಲ್ಲ.

ಹಾಗಾಗಿ 'ಯಾವುದು ಜನಪ್ರಿಯ' ಅಂತ ಮೊದಲು ಕೇಳಬೇಡಿ. ನಿಮ್ಮ ಭಾಷೆ ಯಾವುದನ್ನು ಬಿಟ್ಟುಕೊಡಲಾರದೋ ಅದನ್ನು ತೋರಿಸುವ ಮೂರು ಸಣ್ಣ ಪ್ರೋಗ್ರಾಮ್ ಬರೆಯಿರಿ. ಪಾರ್ಸರ್ ಶುರು ಮಾಡೋ ಮುಂಚೆಯೇ ಅವನ್ನು ಆ ರನ್‌ಟೈಮ್‌ನ ಬೈಟ್‌ಕೋಡ್‌ಗೆ ಕೈಯಿಂದ ಇಳಿಸಿ ನೋಡಿ. ಜೆವಿಎಂ ಆದರೆ, ಜೆಡಿಕೆ ಜೊತೆಗೇ ಬರುವ 'ಜಾವಾಪಿ' ಉಪಕರಣ ಬೈಟ್‌ಕೋಡ್ ಹೇಗಿರುತ್ತೆ ಅಂತ ತೋರಿಸುತ್ತೆ. ಮೂರೂ ಸಲೀಸಾಗಿ ಇಳಿದರೆ ಆ ರನ್‌ಟೈಮ್ ನಿಮಗೆ ಒಗ್ಗುತ್ತೆ. ಒಂದಕ್ಕೆ ಸುತ್ತುದಾರಿ ಬೇಕಾದರೆ, ಆ ಬೆಲೆಯನ್ನು ನಿಮ್ಮ ಭಾಷೆ ಕೊನೇವರೆಗೂ ಕಟ್ಟಬೇಕಾಗುತ್ತೆ.