‘ಮೆಲಿಸ್’ ಎಂಬ ಸವಿಮಾತು

ವಿದ್ಯಾರ್ಥಿಗಳೇ, ಬ್ರಿಟನ್ ದ್ವೀಪದ ಪಶ್ಚಿಮ ಭಾಗದಲ್ಲಿ ವೇಲ್ಸ್ ಎಂಬ ಗುಡ್ಡಗಾಡಿನ ದೇಶವಿದೆ. ಅಲ್ಲಿಯ ಪ್ರಾಚೀನ ನುಡಿ ವೆಲ್ಷ್. ಅದು ಇಂಗ್ಲಿಷಿನ ಉಪಭಾಷೆಯಲ್ಲ. ಕೆಲ್ಟಿಕ್ ಶಾಖೆಗೆ ಸೇರಿದ ಸ್ವತಂತ್ರ ಭಾಷೆ. ಆ ನುಡಿಯಲ್ಲಿ ಸಿಹಿಗೆ ‘ಮೆಲಿಸ್’ ಎನ್ನುವರು.

ಈ ಪದದ ಮೂಲವೇನು? ವೆಲ್ಷ್ ಭಾಷೆಯಲ್ಲಿ ಜೇನಿಗೆ ‘ಮೇಲ್’ ಎಂದು ಹೆಸರು. ಸಕ್ಕರೆಯು ಆ ನಾಡನ್ನು ಸೇರುವ ಮೊದಲು ಅಲ್ಲಿಯವರಿಗೆ ಸಿಹಿಯೆಂದರೆ ಮುಖ್ಯವಾಗಿ ಜೇನೇ. ಆದುದರಿಂದ ಜೇನಿನ ಗುಣವುಳ್ಳುದು ‘ಮೆಲಿಸ್’ ಎನಿಸಿತು. ಸಂಸ್ಕೃತದಲ್ಲಿ ‘ಮಧು’ವಿನಿಂದ ‘ಮಧುರ’ವಾದುದೂ ಹೀಗೆಯೇ. ನಮ್ಮ ‘ಉಪ್ಪು’ ಕೂಡ ಪದಾರ್ಥದ ಹೆಸರೂ ಹೌದು, ರುಚಿಯ ಹೆಸರೂ ಹೌದು.

‘ಮೆಲಿಸ್’ ನಾಲಿಗೆಯಲ್ಲಿಯೇ ನಿಲ್ಲಲಿಲ್ಲ. ಇಂಪಾದ ಕಂಠವೂ ಸುಖನಿದ್ರೆಯೂ ‘ಮೆಲಿಸ್’ ಎನಿಸಿದುವು. ಮಕ್ಕಳು ತಿನ್ನುವ ಮಿಠಾಯಿಗೆ ‘ಮೆಲಿಶನ್’ ಎಂಬ ಹೆಸರಾಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವೆಲ್ಷಿನ ‘ಮೇಲ್’ ಕೇಳಿದೊಡನೆ ನಮ್ಮ ‘ಮೇಲ್’ ನೆನಪಾಗುವುದು. ಆದರೆ ಇದು ಕೇವಲ ಆಕಸ್ಮಿಕ. ನಮ್ಮ ಪದ ದ್ರಾವಿಡ ಮೂಲದ್ದು, ಅರ್ಥವೂ ಬೇರೆ. ವೆಲ್ಷಿನ ‘ಶುಗುರ್’ ಎಂದರೆ ಸಕ್ಕರೆ. ಸಂಸ್ಕೃತದ ‘ಶರ್ಕರಾ’ ಪಾರಸಿ, ಅರಬ್ಬಿ ಮೊದಲಾದ ಭಾಷೆಗಳನ್ನು ಹಾದು, ಇಂಗ್ಲಿಷಿನ ಮೂಲಕ ಅಲ್ಲಿಗೆ ಮುಟ್ಟಿತು, ಇದು ಎರವಲು. ಜೇನಿನಿಂದ ಮಾಡುವ ಮದ್ಯಕ್ಕೆ ಅವರು ‘ಮೇದ್’ ಎನ್ನುವರು. ಇದೂ ಸಂಸ್ಕೃತದ ‘ಮಧು’ವೂ ಒಂದೇ ಪುರಾತನ ಪದದಿಂದ ಬಂದವು, ಇದು ನಿಜವಾದ ರಕ್ತಸಂಬಂಧ. ಸಾದೃಶ್ಯ ಮೂರು ಬಗೆ: ಆಕಸ್ಮಿಕ, ಎರವಲು, ಬಾಂಧವ್ಯ. ಕಿವಿಗೆ ಕೇಳಿದ್ದನ್ನೇ ನಂಬದೆ ವಿಚಾರಿಸಿ ತಿಳಿಯುವುದೇ ಭಾಷಾಶಾಸ್ತ್ರ.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಸಮಾನ ಮೂಲವಿರಬೇಕೆಂದೂ, ಕೆಲ್ಟಿಕ್ ಸಹ ಆ ಬಳಗಕ್ಕೆ ಸೇರಿರಬಹುದೆಂದೂ 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದವರು ಸರ್ ವಿಲಿಯಂ ಜೋನ್ಸ್. ಅವರ ತಂದೆ ವೇಲ್ಸಿನ ಆಂಗಲ್ಸೀ ದ್ವೀಪದವರು.

ಹೀಗೆ ಸಾವಿರಾರು ವರ್ಷ ಬಾಳಿದ ಮಾತಿಗೂ ಅಳಿವಿನ ಭಯ ತಪ್ಪಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವೇಲ್ಸಿನ ಹಲವು ಶಾಲೆಗಳಲ್ಲಿ ಮನೆಮಾತಾಡಿದ ಮಕ್ಕಳ ಕೊರಳಿಗೆ ಮರದ ತುಂಡನ್ನು ತೂಗಹಾಕಿ ಅವಮಾನಿಸುತ್ತಿದ್ದರು. ಆದರೂ 1939ರಲ್ಲಿ ಆಬರಿಸ್ತ್ವಿತ್ ಪಟ್ಟಣದಲ್ಲಿ ಕೇವಲ ಏಳು ಮಕ್ಕಳೊಡನೆ ಮೊದಲ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆ ಆರಂಭವಾಯಿತು. 2021ರ ಜನಗಣತಿಯಂತೆ ವೇಲ್ಸಿನಲ್ಲಿ ಸುಮಾರು 5,38,000 ಮಂದಿ ವೆಲ್ಷ್ ಬಲ್ಲರು.

ಪೋಷಕರೇ, ಗಡಿಯಾಚೆ ಕನ್ನಡ ಕಲಿಸುವ ನಮಗೆ ಇದು ದೂರದ ಕಥೆಯೆನಿಸದು. ಮಕ್ಕಳೇ, ‘ಇನಿ’, ‘ಸವಿ’, ‘ಒಗರು’ ಮುಂತಾದ ರುಚಿಮಾತುಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿರಿ. ಜೇನನ್ನು ಹುಟ್ಟಿನಲ್ಲಿ ಕಾಪಿಡಬಹುದು. ಮಾತು ಉಳಿಯುವುದು ಆಡುವ ನಾಲಿಗೆಯಲ್ಲಿ ಮಾತ್ರ.